ಚಳಿಗಾಲದ ಸ್ನಾನದ ಸೆಟ್ಟಿನ ವಿಮರ್ಶೆ: ಘಮವನ್ನು ಎಲ್ಲಿ, ಯಾವಾಗ, ಹೇಗೆ ಅಳೆಯಬೇಕು?

ಋತುಗಂಧ

ಚಳಿಗಾಲಕ್ಕೆಂದೇ ಬಂದಿರುವ ಸೀಮಿತ ಆವೃತ್ತಿಯ ಸೆಟ್ ಒಂದರ ವಿಮರ್ಶೆ ಬರೆಯಬೇಕಿದೆ. ಸೆಟ್ಟಿನಲ್ಲಿ ಇರುವುದು ಇಷ್ಟು: ಚಕ್ಕೆ-ವೆನಿಲಾ ಘಮದ 250 ಮಿಲಿ ಶವರ್ ಜೆಲ್, ಅದೇ ಘಮದ 100 ಗ್ರಾಂ ಸೋಪು, ಅದೇ ಘಮದ 200 ಮಿಲಿ ಬಾಡಿ ಲೋಷನ್, ಪೆಪ್ಪರ್‌ಮಿಂಟ್ ಸಕ್ಕರೆ ಸ್ಕ್ರಬ್ ಒಂದು ಡಬ್ಬಿ, 180 ಗ್ರಾಂ ತೂಕದ ಪೈನ್ ಬಾತ್ ಬಾಂಬ್ (ಟಬ್ಬಿನ ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತಾ ಕರಗುವ ಉಂಡೆ) ಎರಡು, ಶವರ್ ಸ್ಟೀಮರ್ (ಶವರಿನ ನೆಲದಲ್ಲಿಟ್ಟರೆ ಕರಗುತ್ತಾ ಹಬೆಗೆ ಘಮ ಬಿಡುವ ಬಿಲ್ಲೆ) ನಾಲ್ಕು.

ಓದಿದವರಿಗೆ ಕೊಳ್ಳಬೇಕೋ ಬೇಡವೋ ಎಂದು ತಿಳಿಯುವಂತಿರಬೇಕು. "ಘಮ ಚೆನ್ನಾಗಿದೆ, ನೊರೆ ಚೆನ್ನಾಗಿದೆ" ಎಂದರೆ ಯಾರಿಗೂ ಉಪಯೋಗವಿಲ್ಲ. ಬಲ್ಲವರು ಇವಿಷ್ಟು ತಿಳಿಸಿ:

ಜೆಲ್ ಬಾಟಲಿಯಲ್ಲಿ ಗಾಢವಾಗಿ ಘಮಿಸುತ್ತದೆ, ಮೈ ಒರೆಸಿಕೊಳ್ಳುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಇದನ್ನು ಕೊರತೆ ಎಂದು ಬರೆಯಬಹುದೇ? ಒಂದು ದಿನಕ್ಕೆ ಎಷ್ಟು ವಸ್ತು ಪರೀಕ್ಷಿಸಬಹುದು? ಬಾತ್ ಬಾಂಬಿನಲ್ಲಿ ಬಣ್ಣ ಬಿಟ್ಟು ಮತ್ತೇನು ನೋಡಬೇಕು? ಸೋಪಿನ ಒಂದು ಮಗ್ಗುಲು ಕಂದು ತಿರುಗಿದೆ, ಕೆಟ್ಟಿದೆಯೇ? ಕೊನೆಯದಾಗಿ, ಸೂಕ್ಷ್ಮ ಚರ್ಮದವರಿಗೆ ಲೇಬಲ್ ನೋಡಿ ಎಷ್ಟರ ಮಟ್ಟಿಗೆ ಹೇಳಬಹುದು?

ನೊರೆನೋಟ

ಮೊದಲನೆಯ ಪ್ರಶ್ನೆಯೇ ಮುಖ್ಯ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ. ಬಾಟಲಿಯ ಬಾಯಲ್ಲಿ ಮೂಗಿಗೆ ಸಿಗುವುದು ಘಮದ ಒಂದು ತುಣುಕು ಮಾತ್ರ. ಜೆಲ್ಲಿನೊಳಗೆ ಸುಗಂಧ ತೈಲವನ್ನು ನೊರೆಯ ಅಂಶಗಳು, ಅಂದರೆ ಸರ್ಫ್ಯಾಕ್ಟೆಂಟುಗಳು, ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಒಳಗೇ ಹಿಡಿದಿಟ್ಟಿರುತ್ತವೆ. ಬೇಗ ಹಾರುವ ಅಂಶಗಳು ಮಾತ್ರ ಮುಚ್ಚಳದ ಕೆಳಗಿನ ಗಾಳಿಗೆ ಬರುತ್ತವೆ. ನೀರು ಬೆರೆತು ಜೆಲ್ ತೆಳುವಾದಾಗ ಆ ಗುಂಪುಗಳು ಒಡೆಯುತ್ತವೆ, ಒಳಗಿದ್ದ ಘಮ ಒಮ್ಮೆಗೇ ಹೊರಗೆ ಬರುತ್ತದೆ. ಜೆಲ್ಲಿನ ನಿಜವಾದ ಪರೀಕ್ಷೆ ಆ ಅರ್ಧ ನಿಮಿಷದಲ್ಲಿ ಆಗಬೇಕು. ಬಾಟಲಿಯಲ್ಲಿ ಸಪ್ಪೆ ಅನಿಸಿದ ಜೆಲ್ ಬಿಸಿನೀರಿನಲ್ಲಿ ಸ್ನಾನದ ಕೋಣೆಯನ್ನೇ ತುಂಬಬಹುದು. ಇದರ ಉಲ್ಟಾ ಕೂಡ ಆಗುತ್ತದೆ.

ಮೈ ಮೇಲೆ ಉಳಿಯುವ ಮಾತು ಬೇರೆ. ಅಲ್ಲಿ ಲೆಕ್ಕಕ್ಕೆ ಬರುವುದು ಎರಡು ಗುಣ. ಅಣು ನಿಧಾನವಾಗಿ ಹಾರಬೇಕು, ಜೊತೆಗೆ ನೀರಿಗೆ ಅಂಜಬೇಕು, ಅಂದರೆ ನೀರಿನಲ್ಲಿ ಕರಗಿ ಹೋಗಬಾರದು. ವೆನಿಲಾ ಘಮದ ಜೀವಾಳವಾದ ವೆನಿಲಿನ್ ನಿಧಾನವಾಗಿಯೇ ಹಾರುತ್ತದೆ, ಅದಕ್ಕೇ ಬಟ್ಟೆಯ ಮೇಲೆ, ಲೋಷನ್ನಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಆದರೆ ನೀರಿನಲ್ಲಿ ತಕ್ಕಮಟ್ಟಿಗೆ ಕರಗುವುದರಿಂದ ಜಾಲಾಡಿಸುವಾಗ ನೊರೆಯ ಜೊತೆ ಚರಂಡಿ ಸೇರುತ್ತದೆ. ಚಕ್ಕೆಯ ಸಿನ್ನಮಾಲ್ಡಿಹೈಡ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಮಸ್ಕ್, ಗಂಧದ ಮರದ ಛಾಯೆಯ ಅಣುಗಳು ನೀರಿಗೆ ಅಂಜುವಂಥವು, ಅವು ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹೀಗಾಗಿ ಚಕ್ಕೆ-ವೆನಿಲಾ ಜೆಲ್ ಹತ್ತು ನಿಮಿಷದಲ್ಲಿ ಮಾಯವಾಗುವುದು ಅದರ ಜಾತಿಯ ಸ್ವಭಾವ, ಅದನ್ನು ಕೊರತೆ ಎಂದು ಬರೆಯಬೇಡಿ. ಅದೇ ಘಮದ ಲೋಷನ್ ಹತ್ತು ನಿಮಿಷದಲ್ಲಿ ಮಾಯವಾದರೆ ಮಾತ್ರ ಖಂಡಿತ ಕೊರತೆ. ಜೆಲ್ಲಿನ ಲೇಬಲ್ ಮೇಲೆ "ದಿನವಿಡೀ ಘಮ" ಎಂಬ ಮಾತು ಇದ್ದರೆ ಅದನ್ನು ಹೆಸರಿಸಿ, ನಿಮ್ಮ ಅಳತೆಯನ್ನು ಪಕ್ಕದಲ್ಲಿ ಇಡಿ. ತೊಳೆದುಹೋಗುವ ವಸ್ತುವಿನ ಘಮ ಒರೆಸಿಕೊಂಡ ಒಂದು ಗಂಟೆಯ ಮೇಲೂ ಮುಂಗೈಯಲ್ಲಿ ಸಿಕ್ಕರೆ ಅದು ಒಳ್ಳೆಯ ಫಲಿತಾಂಶ.

ಕ್ರಮ ಹೀಗಿರಲಿ. ಹಿಂದಿನ ದಿನದಿಂದಲೇ ಪರ್ಫ್ಯೂಮ್, ಘಮದ ಲೋಷನ್ ನಿಲ್ಲಿಸಿ. ಟವೆಲನ್ನು ಫ್ಯಾಬ್ರಿಕ್ ಸಾಫ್ಟನರ್ ಹಾಕದೆ ಒಗೆದಿಟ್ಟುಕೊಳ್ಳಿ. ಇದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಸಾಫ್ಟನರಿನ ಮಸ್ಕನ್ನೇ ಜೆಲ್ಲಿನ ಬಾಳಿಕೆ ಎಂದು ಬರೆದುಬಿಡುತ್ತಾರೆ. ಅಳತೆಯ ಚಮಚದಲ್ಲಿ 5 ಮಿಲಿ ಜೆಲ್, ನೀರು 37ರಿಂದ 38 ಡಿಗ್ರಿ, ಮೈ ಮೇಲೆ ನೊರೆ ಇರುವ ಹೊತ್ತು 60 ಸೆಕೆಂಡ್. ಪ್ರತಿ ಸಲವೂ ಇಷ್ಟೇ ಇರಬೇಕು, ಇಲ್ಲವಾದರೆ ಎರಡು ಜೆಲ್‌ಗಳ ಹೋಲಿಕೆಗೆ ಅರ್ಥವಿಲ್ಲ. ಒಂದು ಕೈಗೆ ಮಾತ್ರ ಪರೀಕ್ಷೆಯ ಜೆಲ್, ಇನ್ನೊಂದಕ್ಕೆ ಘಮವಿಲ್ಲದ ಜೆಲ್ ಹಚ್ಚಿ. ಮೂಸಬೇಕಾದ ಹೊತ್ತುಗಳು: ಬಾಟಲಿಯಲ್ಲಿ, ನೊರೆಯಲ್ಲಿ, ಸ್ನಾನ ಮುಗಿಸಿ ಹೊರಬಂದು ಐದು ನಿಮಿಷದ ನಂತರ ಮತ್ತೆ ಕೋಣೆಗೆ ಕಾಲಿಟ್ಟಾಗ, ಒಣಗಿದ ಚರ್ಮದಲ್ಲಿ 10 ನಿಮಿಷಕ್ಕೆ, 1 ಗಂಟೆಗೆ, 4 ಗಂಟೆಗೆ, ಮರುದಿನ ಟವೆಲಿನಲ್ಲಿ. ಒಂದು ಗಂಟೆಯ ಹೊತ್ತಿಗೆ ಯಾವ ಕೈ ಎಂದು ಹೇಳದೆ ಇನ್ನೊಬ್ಬರ ಬಳಿ ಮೂಸಿಸಿ. ಅವರಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಘಮ ಹೋಗಿದೆ ಎಂದೇ ಲೆಕ್ಕ.

ದಿನಕ್ಕೆ ಮೈ ಮೇಲೆ ಒಂದೇ ವಸ್ತು. ಬಾಟಲಿಯಿಂದ ಮೂಸುವುದಾದರೆ ಒಮ್ಮೆ ಕೂತಾಗ ಮೂರು ಸಾಕು, ಚಕ್ಕೆ-ಲವಂಗದಂಥ ಬಿರುಸಾದವನ್ನು ಕೊನೆಗೆ ಇಟ್ಟುಕೊಳ್ಳಿ. ನೆಗಡಿ ಇದ್ದ ದಿನ ಬಿಟ್ಟುಬಿಡಿ. ಜೆಲ್, ಸೋಪು, ಲೋಷನ್ ಮೂರನ್ನೂ ಒಟ್ಟಿಗೆ ಹಚ್ಚುವ ಪರೀಕ್ಷೆ ಎಲ್ಲ ಬಿಡಿಬಿಡಿಯಾಗಿ ಮುಗಿದ ಮೇಲೆಯೇ.

ಋತುವಿನ ವಸ್ತು ಅಂದ ಮೇಲೆ ಇನ್ನೊಂದು ಮಾತು ಸೇರಿಸಲೇಬೇಕು. ಪರೀಕ್ಷೆಯ ದಿನದ ಹವೆಯನ್ನು ಬರೆದಿಡಿ. ತಾಪ ಏರಿದಷ್ಟೂ ಘಮ ಬೇಗ ಹಾರುತ್ತದೆ. ಒಣ ತಣ್ಣನೆ ಗಾಳಿಯಲ್ಲಿ ಮೂಗಿನ ಒಳಪದರವೂ ಒಣಗಿ ಅದರ ಚುರುಕು ತಗ್ಗುತ್ತದೆ. ಚಳಿಗಾಲಕ್ಕೆಂದು ಮಾಡಿದ ವೆನಿಲಾ, ಅಂಬರ್, ಮಸಾಲೆಯ ಘಮಗಳನ್ನು ಸೆಕೆಯ ದಿನ ಪರೀಕ್ಷಿಸಿ "ತಲೆನೋವು ಬರಿಸುವಷ್ಟು ಸಿಹಿ" ಎಂದು ಬರೆಯುವುದು ಆ ವಸ್ತುವಿಗೆ ಅನ್ಯಾಯ. ಬೇಸಿಗೆಯ ನಿಂಬೆ, ಕಿತ್ತಳೆ ಘಮವನ್ನು ಚಳಿಯಲ್ಲಿ ಮೂಸಿ "ಸಪ್ಪೆ" ಎನ್ನುವುದೂ ಅಷ್ಟೇ.

ಸೋಪುಕಟ್ಟೆ

ಸೋಪು, ಬಾತ್ ಬಾಂಬ್ ಎರಡಕ್ಕೂ ಉತ್ತರಿಸುತ್ತೇನೆ, ಇವೆರಡನ್ನೂ ತಯಾರಿಸುವ ಕಡೆಯಿಂದ ನೋಡಿದರೆ ಸುಲಭ.

ಸೋಪು ಕಂದಾಗಿರುವುದು ಬಹುತೇಕ ವೆನಿಲಿನ್ನಿನಿಂದ. ಸೋಪಿನ ಪಿಎಚ್ 9ರಿಂದ 10. ಆ ಕ್ಷಾರದಲ್ಲಿ ವೆನಿಲಿನ್ ಗಾಳಿ, ಬೆಳಕು ತಾಗಿ ಕಂದು ತಿರುಗುತ್ತದೆ. ಒಂದೇ ಮಗ್ಗುಲು ಕಂದಾಗಿದ್ದರೆ ಆ ಮಗ್ಗುಲಿಗೆ ಬೆಳಕು ಬಿದ್ದಿದೆ, ಅಥವಾ ಹೊದಿಕೆಯ ಕಿಟಕಿ ಆ ಕಡೆ ಇದೆ. ಕತ್ತರಿಸಿ ನೋಡಿ. ಹೊರಗೆ ಗಾಢ, ಒಳಗೆ ಹೋದಂತೆ ತಿಳಿ, ಎಲ್ಲೂ ಚುಕ್ಕೆಯಿಲ್ಲದ ಒಂದೇ ಸಮನೆಯ ಬಣ್ಣ ಇದ್ದರೆ ಸೋಪು ಸರಿಯಾಗಿದೆ, ಬಳಸಬಹುದು. ಬೇರೆ ಬೇರೆ ಕಡೆ ಕಿತ್ತಳೆ ಬಣ್ಣದ ಚುಕ್ಕೆಗಳಿದ್ದು, ಹಳೇ ಎಣ್ಣೆಯ ಕಮಟು ವಾಸನೆ ಬಂದರೆ ಮಾತ್ರ ಅದು ಕೆಡುಕು: ಸೋಪಾಗದೆ ಉಳಿದ ಎಣ್ಣೆ ಗಾಳಿಗೆ ಕೆಟ್ಟಿದೆ. ವಿಮರ್ಶೆಯಲ್ಲಿ ಈ ಎರಡನ್ನೂ ಬೇರೆ ಮಾಡಿ ಹೇಳಿ, ಏಕೆಂದರೆ ಓದುಗರು ಕಂದಾದ ಒಳ್ಳೆಯ ಸೋಪನ್ನು ಎಸೆಯುತ್ತಾರೆ, ಚುಕ್ಕೆ ಬಿದ್ದದ್ದನ್ನು ಬಳಸುತ್ತಾರೆ.

ಕಂದು ತಿರುಗುವ ಸೋಪು ಬಿಳಿ ಟವೆಲಿಗೆ ಬಣ್ಣ ಬಿಡುತ್ತದೆಯೇ ಎಂಬುದೂ ನೋಡಬೇಕಾದದ್ದು. ಒದ್ದೆ ಸೋಪನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಕಾಣುತ್ತದೆ.

ಜೆಲ್‌ ಮತ್ತು ಸೋಪಿನ ಮೇಲೆ ಒಂದೇ ಘಮದ ಹೆಸರಿದ್ದರೂ ಎರಡೂ ಒಂದೇ ರೀತಿ ಘಮಿಸಬೇಕೆಂದು ನಿರೀಕ್ಷಿಸಬೇಡಿ. ನಿಂಬೆಯ ಸಿಟ್ರಾಲ್‌ನಂಥ ಆಲ್ಡಿಹೈಡುಗಳು ಕ್ಷಾರದಲ್ಲಿ ಒಡೆಯುತ್ತವೆ, ಹಾಗಾಗಿ ನಿಂಬೆ, ಕಿತ್ತಳೆ ಘಮ ಸೋಪಿನಲ್ಲಿ ವಾರಗಳಲ್ಲೇ ಮಂಕಾಗುತ್ತದೆ. ಲವಂಗದ ಯೂಜಿನಾಲ್ ಘಮದಲ್ಲಿ ಗಟ್ಟಿ, ಆದರೆ ತಯಾರಿಸುವಾಗ ಸೋಪಿನ ಮಿಶ್ರಣವನ್ನು ಕ್ಷಣದಲ್ಲಿ ಗಟ್ಟಿಗೊಳಿಸಿಬಿಡುತ್ತದೆ. ಆದ್ದರಿಂದ ಕೈಯಲ್ಲಿ ಮಾಡಿದ ಮಸಾಲೆ ಘಮದ ಸೋಪಿನಲ್ಲಿ ಗಾಳಿಯ ಗುಳ್ಳೆ, ಒರಟು ಮೈ, ನೇರವಲ್ಲದ ಸುರುಳಿ ವಿನ್ಯಾಸ ಕಂಡರೆ ಕಾರಣ ಅದೇ. ಅದಕ್ಕೆ ಅಂಕ ಕಡಿಮೆ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಬಾಳಿಕೆಯನ್ನು ತೂಕದಲ್ಲಿ ಅಳೆಯಿರಿ. ಒಣ ಸೋಪನ್ನು 1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಐದು ಸ್ನಾನ ಮಾಡಿ, ನೀರು ಸೋರುವ ಹಲಗೆಯ ಮೇಲೆ 24 ಗಂಟೆ ಒಣಗಿಸಿ ಮತ್ತೆ ತೂಗಿ. ವ್ಯತ್ಯಾಸವನ್ನು ಐದರಿಂದ ಭಾಗಿಸಿದರೆ ಒಂದು ಸ್ನಾನದ ಖರ್ಚು. 100 ಗ್ರಾಂ ಸೋಪು ಐದು ಸ್ನಾನಕ್ಕೆ 15 ಗ್ರಾಂ ಕರಗಿದ್ದರೆ ಮೂವತ್ತಮೂರು ಸ್ನಾನಕ್ಕೆ ಮುಗಿಯುತ್ತದೆ. ಒಣಗಿಸದೆ ತೂಗಿದರೆ ಹೀರಿಕೊಂಡ ನೀರೂ ಸೇರಿ ಲೆಕ್ಕ ತಪ್ಪುತ್ತದೆ. ಗಡಸು ನೀರಾದರೆ ಅದನ್ನೂ ಬರೆಯಿರಿ. ಸೋಪು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ, ನೊರೆ ಕಡಿಮೆ, ಖರ್ಚು ಹೆಚ್ಚು. ಜೆಲ್‌ಗೆ ಈ ತೊಂದರೆ ಅಷ್ಟಿಲ್ಲ.

ಇನ್ನು ಬಾತ್ ಬಾಂಬ್. ಸಾಮಾನ್ಯ ಅಳತೆ ಎರಡು ಪಾಲು ಅಡುಗೆ ಸೋಡಾ, ಒಂದು ಪಾಲು ಸಿಟ್ರಿಕ್ ಆಸಿಡ್. ನಿಮ್ಮ 180 ಗ್ರಾಂ ಬಾಂಬಿನಲ್ಲಿ ಉಳಿದದ್ದನ್ನೆಲ್ಲ ಬದಿಗಿಟ್ಟು 120 ಗ್ರಾಂ ಸೋಡಾ, 60 ಗ್ರಾಂ ಆಸಿಡ್ ಎಂದುಕೊಳ್ಳಿ. 60 ಗ್ರಾಂ ಆಸಿಡ್ ಸುಮಾರು 79 ಗ್ರಾಂ ಸೋಡಾವನ್ನು ಮಾತ್ರ ತಿನ್ನುತ್ತದೆ. ಮಿಕ್ಕ 41 ಗ್ರಾಂ ಸೋಡಾ ನೀರಿನಲ್ಲೇ ಉಳಿಯುತ್ತದೆ, ಸ್ನಾನದ ನೀರು ತುಸು ಕ್ಷಾರದ ಕಡೆ ವಾಲುತ್ತದೆ. ನೀರು ನುಣುಪಾಗಿ ಅನಿಸುವುದಕ್ಕೆ ಇದೂ ಒಂದು ಕಾರಣ. ಎಲ್ಲವನ್ನೂ "ಎಣ್ಣೆಯ ಪೋಷಣೆ" ಎಂದು ಬರೆಯಬೇಡಿ. ಒಣ ಚರ್ಮದವರು ಅರ್ಧ ಗಂಟೆ ಅದರಲ್ಲೇ ಕುಳಿತರೆ ಆಮೇಲೆ ಮೈ ಬಿಗಿಯುತ್ತದೆ, ಅದನ್ನೂ ಹೇಳಬೇಕು.

ಪರೀಕ್ಷೆಗೆ ಟಬ್ಬಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಎರಡು ಬಾಂಬಿಗೂ ಅಷ್ಟೇ ನೀರು, ಅಷ್ಟೇ ಬಿಸಿ. ಹಾಕಿದ ಕ್ಷಣದಿಂದ ಗುಳ್ಳೆ ನಿಲ್ಲುವವರೆಗೆ ಸಮಯ ಹಿಡಿಯಿರಿ. ತೇಲಿತೇ ಮುಳುಗಿತೇ ಬರೆಯಿರಿ: ತೇಲಿದ ಬಾಂಬು ಸುತ್ತುತ್ತಾ ಬಣ್ಣ ಹರಡುತ್ತದೆ, ಬಿಗಿಯಾಗಿ ಒತ್ತಿದ್ದು ತಳ ಸೇರಿ ಒಂದೇ ಕಡೆ ಬಣ್ಣ ಬಿಡುತ್ತದೆ. ಘಮವನ್ನು ಗುಳ್ಳೆ ಏಳುವಾಗ ಒಮ್ಮೆ, ಗುಳ್ಳೆ ನಿಂತು ಹತ್ತು ನಿಮಿಷಕ್ಕೆ ಇನ್ನೊಮ್ಮೆ ಮೂಸಿ. ಮೊದಲ ಸಲ ಗ್ಯಾಸು ಘಮವನ್ನು ಎತ್ತಿ ತರುವುದರಿಂದ ಎಲ್ಲ ಬಾಂಬೂ ಚೆನ್ನಾಗಿಯೇ ಅನಿಸುತ್ತದೆ. ಪೈನ್ ಘಮದಲ್ಲಿ ಈ ಎರಡನೇ ಮೂಸುವಿಕೆ ಬಹಳ ಮುಖ್ಯ, ಏಕೆಂದರೆ ಪೈನೀನ್ ಬೇಗ ಹಾರಿಹೋಗಿ, ಹಿಂದೆ ಉಳಿಯುವುದು ನೆಲ ಒರೆಸುವ ದ್ರಾವಣವನ್ನು ನೆನಪಿಸುವ ಛಾಯೆಯೋ, ನಿಜವಾದ ಎಲೆ-ರಾಳದ ಘಮವೋ ಎಂಬುದು ಆಗ ಗೊತ್ತಾಗುತ್ತದೆ.

ನೀರು ಖಾಲಿ ಮಾಡಿದ ಮೇಲೆ ಟಬ್ಬಿನ ಸುತ್ತ ಬಣ್ಣದ ಉಂಗುರ ಇದೆಯೇ ನೋಡಿ. ಲೇಬಲ್ಲಿನಲ್ಲಿ ಪಾಲಿಸಾರ್ಬೇಟ್ 80 ಅಥವಾ ಅಂಥ ಬೆರೆಸುವ ಅಂಶ ಇಲ್ಲದಿದ್ದರೆ ಎಣ್ಣೆ ನೀರ ಮೇಲೆ ತೇಲಿ, ಬಣ್ಣವನ್ನು ಹಿಡಿದುಕೊಂಡು ಅಂಚಿಗೆ, ಟೈಲ್ಸ್ ಸಂದಿಗೆ ಮೆತ್ತುತ್ತದೆ. ಕೋಕೋ ಬೆಣ್ಣೆ ಇದ್ದರೆ ಟಬ್ಬು ಜಾರುತ್ತದೆ, ಏಳುವಾಗ ಎಚ್ಚರಿಕೆ ಎಂದು ತಪ್ಪದೆ ಬರೆಯಿರಿ.

ಎರಡು ಬಾಂಬಿದೆಯಲ್ಲ, ಒಂದನ್ನು ಈಗ ಬಳಸಿ, ಇನ್ನೊಂದನ್ನು ಅದರದೇ ಹೊದಿಕೆಯಲ್ಲಿ ನಾಲ್ಕು ವಾರ ಬಿಟ್ಟು ಬಳಸಿ. ಋತು ಮುಗಿದ ಮೇಲೆ ಮಿಕ್ಕಿದ್ದು ಹೇಗಿರುತ್ತದೆ ಎಂದು ಓದುಗರಿಗೆ ತಿಳಿಯುತ್ತದೆ. ಗಾಳಿಯ ತೇವ ಒಳಗೆ ಹೋದರೆ ಮೇಲ್ಮೈ ಮೇಲೆ ನರೂಲಿಯಂಥ ಉಬ್ಬು ಏಳುತ್ತವೆ, ಬಿರುಕು ಬಿಡುತ್ತದೆ, ಬಿಗಿಯಾದ ಪ್ಲಾಸ್ಟಿಕ್ ಹೊದಿಕೆ ಗ್ಯಾಸಿನಿಂದ ಊದಿಕೊಳ್ಳುತ್ತದೆ. ಅಂಥ ಬಾಂಬು ಬಳಸಿದರೆ ಅಪಾಯವೇನಿಲ್ಲ, ಆದರೆ ಅರ್ಧ ಗುಳ್ಳೆ ಆಗಲೇ ಮುಗಿದಿರುತ್ತದೆ.

ಋತುಗಂಧ

ಇಬ್ಬರಿಗೂ ಧನ್ಯವಾದ. ಟವೆಲ್ ಸಾಫ್ಟನರ್ ವಿಷಯ ಹೊಳೆದೇ ಇರಲಿಲ್ಲ. ಎರಡು ಉಪಪ್ರಶ್ನೆ: ಒಂದು ಘಮದಿಂದ ಇನ್ನೊಂದಕ್ಕೆ ಹೋಗುವಾಗ ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುತ್ತದೆ ಎನ್ನುತ್ತಾರೆ, ಸರಿಯೇ? ಇನ್ನೊಂದು, ಈ ಜೆಲ್ ಅದೇ ಕಂಪನಿಯ ವರ್ಷವಿಡೀ ಸಿಗುವ ಜೆಲ್ಲಿನಂತೆಯೇ ಅನಿಸುತ್ತದೆ. ಬರೀ ಘಮ ಬದಲಿಸಿದ್ದಾರೆಂದು ಹೇಗೆ ಖಚಿತಪಡಿಸಿಕೊಳ್ಳುವುದು?

ನೊರೆನೋಟ

ಕಾಫಿ ಬೀಜ ಬೇಡ. ಅದೂ ಒಂದು ಗಾಢ ಘಮವೇ, ಮೂಗಿಗೆ ಇನ್ನೊಂದು ಕೆಲಸ ಕೊಟ್ಟಂತೆ. ಹೊರಗಿನ ಗಾಳಿಯಲ್ಲಿ ಐದು ನಿಮಿಷ ನಿಲ್ಲಿ, ಅಥವಾ ಏನೂ ಹಚ್ಚದ ನಿಮ್ಮದೇ ಮೊಣಕೈ ಮಡಿಕೆಯನ್ನು ಮೂಸಿ. ನಿಮ್ಮ ಮೂಗು ಒಗ್ಗಿಕೊಂಡಿರುವುದು ಆ ವಾಸನೆಗೇ, ಹಾಗಾಗಿ ಅಲ್ಲಿಂದ ಹೊಸದಾಗಿ ಶುರು ಮಾಡಬಹುದು. ಎರಡನೆಯದಕ್ಕೆ ಪಟ್ಟಿಓದು ಉತ್ತರಿಸಲಿ, ಅವರ ಕ್ಷೇತ್ರ.

ಪಟ್ಟಿಓದು

ಎರಡೂ ಜೆಲ್‌ಗಳ ಘಟಕಗಳ ಪಟ್ಟಿಯನ್ನು ಅಕ್ಕಪಕ್ಕ ಬರೆದುಕೊಳ್ಳಿ. ನೀರು, ಸೋಡಿಯಂ ಲಾರೆತ್ ಸಲ್ಫೇಟ್, ಕೋಕಾಮಿಡೋಪ್ರೊಪೈಲ್ ಬೀಟೇನ್, ಗ್ಲಿಸರಿನ್, ಉಪ್ಪು, ಸಂರಕ್ಷಕ ಎಲ್ಲ ಅದೇ ಕ್ರಮದಲ್ಲಿದ್ದು, ಪರ್ಫ್ಯೂಮ್‌ ನಂತರ ಬರುವ ಅಲರ್ಜಿಕಾರಕ ಸುಗಂಧ ಅಂಶಗಳ ಹೆಸರುಗಳೂ ಬಣ್ಣದ ಸಿಐ (ಕಲರ್ ಇಂಡೆಕ್ಸ್) ಸಂಖ್ಯೆಗಳೂ ಮಾತ್ರ ಬದಲಾಗಿದ್ದರೆ ಬುಡ, ಅಂದರೆ ತೊಳೆಯುವ ಮೂಲ ಮಿಶ್ರಣ, ಒಂದೇ, ಬದಲಾಗಿರುವುದು ಘಮ ಮತ್ತು ಬಣ್ಣ. ಸಿಐ 42090 ನೀಲಿ, 19140 ಹಳದಿ, 17200 ಮತ್ತು 16035 ಕೆಂಪು, 77019 ಅಂದರೆ ಮಿನುಗಿನ ಮೈಕಾ, 77891 ಬಿಳಿಯ ಟೈಟಾನಿಯಂ ಡೈಆಕ್ಸೈಡ್. ಬುಡ ಒಂದೇ ಎಂದು ಕಂಡುಬಂದರೆ ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಹೇಳಿ. "ಚಳಿಗಾಲದ ಚರ್ಮಕ್ಕಾಗಿ" ಎಂಬ ಮಾತಿಗೆ ಆಗ ಆಧಾರವಿಲ್ಲ; ಓದುಗರು ತಿಳಿಯಬೇಕಾದ ಮೊದಲ ಸಂಗತಿಯೇ ಅದು.

ಪಟ್ಟಿಯಿಂದ ಇನ್ನೊಂದು ಲೆಕ್ಕ ಸಿಗುತ್ತದೆ. ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯವನ್ನು ಹೇಗೆ ಬೇಕಾದರೂ ಬರೆಯಬಹುದು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕ ಶೇಕಡಾ 1 ಮೀರುವಂತಿಲ್ಲ. ಹಾಗಾಗಿ ಅಲ್ಲಿನ ನಿಯಮ ಪಾಲಿಸಿದ ವಸ್ತುವಿನಲ್ಲಿ ಫಿನಾಕ್ಸಿಎಥನಾಲ್ ನಂತರ ಬಂದ ಯಾವುದೂ, ಬಣ್ಣದ ಅಂಶ ಬಿಟ್ಟರೆ, ಶೇಕಡಾ 1ಕ್ಕಿಂತ ಹೆಚ್ಚಿರಲಾರದು. ಬಾಟಲಿಯ ಮುಂದೆ ದೊಡ್ಡದಾಗಿ ಚಿತ್ರ ಬರೆದ ಹಣ್ಣಿನ ಸಾರ, ಬೆಣ್ಣೆ, ಎಣ್ಣೆ ಎಲ್ಲಿದೆ ಎಂದು ಹೀಗೆ ಹುಡುಕಿ. ಅದು ಆ ಗೆರೆಯ ಕೆಳಗಿದ್ದರೆ ಚರ್ಮಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭ ನಿರೀಕ್ಷಿಸಬೇಡಿ ಎಂದು ಬರೆಯಬಹುದು.

ಸೂಕ್ಷ್ಮ ಚರ್ಮದವರ ವಿಷಯ. "ಇದು ನಿಮಗೆ ಒಗ್ಗುತ್ತದೆ" ಎಂದು ಲೇಬಲ್ ನೋಡಿ ಯಾರೂ ಹೇಳಲಾರರು. "ಇದರಲ್ಲಿ ಇಂಥದು ಇದೆ" ಎಂದು ಹೇಳಬಹುದು, ಅಷ್ಟೇ ಹೇಳಬೇಕು. ಯುರೋಪಿನಲ್ಲಿ ಬಹುಕಾಲ 26 ಸುಗಂಧ ಅಲರ್ಜಿಕಾರಕಗಳನ್ನು ಹೆಸರಿಸಿ ಬರೆಯಬೇಕಿತ್ತು: ತೊಳೆದುಹೋಗುವ ವಸ್ತುವಿನಲ್ಲಿ ಶೇಕಡಾ 0.01 ಮೀರಿದರೆ, ಮೈ ಮೇಲೆ ಉಳಿಯುವ ವಸ್ತುವಿನಲ್ಲಿ ಶೇಕಡಾ 0.001 ಮೀರಿದರೆ. 2023ರ ತಿದ್ದುಪಡಿ ಈ ಪಟ್ಟಿಯನ್ನು 80 ದಾಟಿಸಿದೆ. ಹೊಸ ವಸ್ತುಗಳಿಗೆ 2026ರ ಜುಲೈ 31ರಿಂದ, ಆಗಲೇ ಮಾರುಕಟ್ಟೆಯಲ್ಲಿರುವುದಕ್ಕೆ 2028ರ ಜುಲೈ 31ರವರೆಗೆ ಗಡುವು. ಆದ್ದರಿಂದ ಒಂದೇ ಘಮದ ಹೊಸ ಲೇಬಲ್ಲಿನಲ್ಲಿ ಹಳೆಯದಕ್ಕಿಂತ ಹೆಚ್ಚು ಹೆಸರು ಕಂಡರೆ ಒಳಗಿನ ವಸ್ತು ಬದಲಾಗಿದೆ ಎಂದು ತೀರ್ಮಾನಿಸಬೇಡಿ, ಬರೆಯುವ ನಿಯಮ ಬದಲಾಗಿರಬಹುದು. ಲೋಷನ್ನಿನಲ್ಲಿ ಜೆಲ್ಲಿಗಿಂತ ಹೆಚ್ಚು ಹೆಸರು ಕಾಣುವುದಕ್ಕೂ ಕಾರಣ ಆ ಹತ್ತು ಪಟ್ಟು ಬಿಗಿಯಾದ ಮಿತಿಯೇ.

ಚಳಿಗಾಲದ ಘಮಗಳಲ್ಲಿ ಕಣ್ಣಿಡಬೇಕಾದ ಹೆಸರುಗಳು ಸಿನ್ನಮಲ್ (ಮೇಲೆ ಬಂದ ಸಿನ್ನಮಾಲ್ಡಿಹೈಡಿನ ಲೇಬಲ್ ಹೆಸರು), ಸಿನ್ನಮೈಲ್ ಆಲ್ಕೋಹಾಲ್, ಯೂಜಿನಾಲ್, ಐಸೋಯೂಜಿನಾಲ್. ಬೇಸಿಗೆಯವುಗಳಲ್ಲಿ ಲಿಮೋನೀನ್, ಲಿನಲೂಲ್, ಸಿಟ್ರಾಲ್. ಹಳೆಯ ದಾಸ್ತಾನನ್ನು ವಿಮರ್ಶಿಸುತ್ತಿದ್ದರೆ ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಲ್ ಎಂಬ ಹೆಸರಿದೆಯೇ ನೋಡಿ. ವಸಂತದ ಹೂ ಘಮಗಳಲ್ಲಿ ಬಹಳ ಬಳಕೆಯಲ್ಲಿದ್ದ ಇದು ಯುರೋಪಿಯನ್ ಒಕ್ಕೂಟದಲ್ಲಿ 2022ರ ಮಾರ್ಚ್ 1ರಿಂದ ನಿಷಿದ್ಧ. ಪಟ್ಟಿಯಲ್ಲಿ ಅದು ಇದ್ದರೆ ವಸ್ತು ಹಳೆಯದು, ಅಥವಾ ಬೇರೆ ಮಾರುಕಟ್ಟೆಗೆಂದು ಮಾಡಿದ್ದು.

ಹಳೆಯ ದಾಸ್ತಾನಿನ ಮಾತು ಬಂದದ್ದಕ್ಕೆ ಇದೂ ಇರಲಿ. ಲಿಮೋನೀನ್, ಲಿನಲೂಲ್ ತಾಜಾ ಇದ್ದಾಗ ಸೌಮ್ಯ, ಗಾಳಿ ತಾಗಿ ಆಕ್ಸಿಡೀಕರಣಗೊಂಡ ಮೇಲೆ ಅಲರ್ಜಿ ಎಬ್ಬಿಸುವ ಶಕ್ತಿ ಹೆಚ್ಚುತ್ತದೆ. ಕಳೆದ ವರ್ಷ ತೆರೆದಿಟ್ಟ ಬಾಟಲಿಯನ್ನು ಈ ವರ್ಷ ಬಳಸಬಾರದು ಎನ್ನುವುದು ಬರೀ ಘಮದ ಪ್ರಶ್ನೆಯಲ್ಲ. ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಎಂದಿದ್ದರೆ ತೆರೆದ ದಿನದಿಂದ ಹನ್ನೆರಡು ತಿಂಗಳು. ತೆರೆದ ತಾರೀಖನ್ನು ಬಾಟಲಿಯ ತಳದಲ್ಲಿ ಬರೆದಿಡಿ, ಬ್ಯಾಚ್ ಸಂಖ್ಯೆಯನ್ನು ವಿಮರ್ಶೆಯಲ್ಲಿ ಕೊಡಿ.

ಒಂದು ತಪ್ಪನ್ನು ದಯವಿಟ್ಟು ಮಾಡಬೇಡಿ, ಓದುಗರಿಗೂ ಹೇಳಿಕೊಡಬೇಡಿ. ಶವರ್ ಜೆಲ್ಲನ್ನು ನೀರು ಬೆರೆಸದೆ ಮೊಣಕೈ ಮಡಿಕೆಗೆ ಹಚ್ಚಿ ರಾತ್ರಿಯಿಡೀ ಬಿಡುವ ಪರೀಕ್ಷೆ ಅರ್ಥವಿಲ್ಲದ್ದು. ಅಷ್ಟು ಹೊತ್ತು ಬಿಟ್ಟರೆ ಆರೋಗ್ಯವಂತ ಚರ್ಮವೂ ಕೆಂಪಾಗುತ್ತದೆ, ಅದು ಅಲರ್ಜಿ ಅಲ್ಲ, ಸರ್ಫ್ಯಾಕ್ಟೆಂಟ್ ಕೊಟ್ಟ ಉರಿ. ಜೆಲ್ಲನ್ನು ಅದರ ರೀತಿಯಲ್ಲೇ, ಅಂದರೆ ನೊರೆ ಮಾಡಿ ತೊಳೆಯುತ್ತಾ, ಒಂದು ಮುಂಗೈಗೆ ಮಾತ್ರ ಒಂದು ವಾರ ಬಳಸಿ ನೋಡಿ. ಲೋಷನ್ ಆದರೆ ಮೊಣಕೈ ಮಡಿಕೆಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಸಲ, ಕನಿಷ್ಠ ಏಳು ದಿನ. ಅಲರ್ಜಿ ಮೊದಲ ದಿನವೇ ಕಾಣಬೇಕೆಂದಿಲ್ಲ, ಐದಾರನೇ ದಿನಕ್ಕೆ ತುರಿಕೆ ಶುರುವಾಗಬಹುದು. ಆಗ ನಿಲ್ಲಿಸಬೇಕು, ಕಡಿಮೆಯಾಗದಿದ್ದರೆ ಚರ್ಮವೈದ್ಯರ ಬಳಿ ಹೋಗುವಾಗ ಬಾಟಲಿಯನ್ನೂ ಒಯ್ಯಬೇಕು.

ಹಬೆಮನೆ

ಸ್ಟೀಮರ್, ಸ್ಕ್ರಬ್ ಎರಡನ್ನು ಯಾರೂ ಮುಟ್ಟಿಲ್ಲ.

ಸ್ಟೀಮರ್ ಬಾತ್ ಬಾಂಬಿನ ತಮ್ಮನಂತೆ ಕಂಡರೂ ಟಬ್ಬಿಗೆ ಹಾಕುವಂಥದಲ್ಲ. ಅದರಲ್ಲಿ ಮೆಂಥಾಲ್, ನೀಲಗಿರಿ ತೈಲ ಹೆಚ್ಚಿನ ಪ್ರಮಾಣದಲ್ಲಿರುತ್ತದೆ, ಆ ನೀರಿನಲ್ಲಿ ಕೂತರೆ ಸೂಕ್ಷ್ಮ ಜಾಗಗಳು ಉರಿಯುತ್ತವೆ. ನೆಲದ ಮೂಲೆಯಲ್ಲಿ, ನೀರಿನ ಧಾರೆ ಬೀಳದೆ ಹನಿ ಮಾತ್ರ ಸಿಡಿಯುವ ಕಡೆ ಇಡಿ. ಧಾರೆಯ ಕೆಳಗಿಟ್ಟರೆ ಮೂರ್ನಾಲ್ಕು ನಿಮಿಷದಲ್ಲಿ ಕರಗಿ, ಘಮ ನೀರಿನ ಜೊತೆಯೇ ಹೋಗುತ್ತದೆ. ಜಾಗ ತಪ್ಪಿದ್ದಕ್ಕೆ ವಸ್ತುವಿಗೆ ಕೆಟ್ಟ ಹೆಸರು ಬರುವುದು ಇಲ್ಲಿಯೇ ಹೆಚ್ಚು. ನಾಲ್ಕು ಸ್ಟೀಮರ್ ಇವೆಯಲ್ಲ, ಎರಡು ಜಾಗದಲ್ಲಿ ಇಟ್ಟು ಸಮಯ ಹಿಡಿದು ಬರೆಯಿರಿ. ಕಣ್ಣು ಉರಿಯಿತೇ ಎಂಬುದನ್ನೂ ಸೇರಿಸಿ. ಎರಡು ವರ್ಷದೊಳಗಿನ ಮಕ್ಕಳು ಸ್ನಾನದ ಕೋಣೆಯಲ್ಲಿದ್ದಾಗ ಮೆಂಥಾಲ್, ನೀಲಗಿರಿಯ ಸ್ಟೀಮರ್ ಬೇಡ, ಉಸಿರಿಗೆ ತೊಂದರೆಯಾಗಬಹುದು. ಈ ಎಚ್ಚರಿಕೆ ಲೇಬಲ್ಲಿನಲ್ಲಿ ಇಲ್ಲದಿದ್ದರೆ ಇಲ್ಲವೆಂದು ಬರೆಯಿರಿ.

ಪೆಪ್ಪರ್‌ಮಿಂಟ್ ಸ್ಕ್ರಬ್ಬಿನ ತಂಪು ಚರ್ಮದ ತಾಪ ಇಳಿದದ್ದರಿಂದ ಬರುವುದಲ್ಲ. ಮೆಂಥಾಲ್ ನರಗಳಲ್ಲಿರುವ ತಣ್ಣನೆಯ ಗ್ರಾಹಕಗಳನ್ನು ಎಚ್ಚರಿಸುತ್ತದೆ, ಮೈಗೆ ಚಳಿ ಅನಿಸುತ್ತದೆ. ಚಳಿಗಾಲದ ಬೆಳಿಗ್ಗೆ ಅದು ಬಹಳ ಜನಕ್ಕೆ ಹಿತವಲ್ಲ, ಹಾಗಾಗಿ ತಂಪು ಎಷ್ಟು ನಿಮಿಷ ಉಳಿಯಿತು ಎಂದು ನಮೂದಿಸಿ. ಸಕ್ಕರೆ ಹರಳು ನೀರು ತಾಗಿದಂತೆ ಕರಗುತ್ತಾ ಮೃದುವಾಗುತ್ತದೆ, ಉಪ್ಪಿನ ಸ್ಕ್ರಬ್ಬಿನಂತೆ ಗೀರಿದ ಜಾಗದಲ್ಲಿ ಚುರುಗುಟ್ಟುವುದಿಲ್ಲ. ಆದರೂ ಕೂದಲು ತೆಗೆದ ದಿನ ಎರಡೂ ಬೇಡ. ಮೇಲೆ ಎಣ್ಣೆ ನಿಂತಿದ್ದರೆ ಒಣ ಚಮಚದಿಂದ ಕಲಕಿ. ಒದ್ದೆ ಬೆರಳು ಹಾಕಿದರೆ ಡಬ್ಬಿಗೆ ನೀರು ಸೇರಿ ಕೆಡುವ ಸಾಧ್ಯತೆ ಹೆಚ್ಚು. ಕೊಬ್ಬರಿ ಎಣ್ಣೆಯ ಸ್ಕ್ರಬ್ ಸುಮಾರು 24 ಡಿಗ್ರಿಗಿಂತ ಕೆಳಗೆ ಕಲ್ಲಿನಂತಾಗುತ್ತದೆ. ಚಳಿಗಾಲದ ವಸ್ತುವಿಗೆ ಇದು ನಿಜವಾದ ವಿನ್ಯಾಸದ ದೋಷ, ಧೈರ್ಯವಾಗಿ ಬರೆಯಿರಿ.

ನೊರೆನೋಟ ಅವರಿಗೆ ಒಂದು ತಿದ್ದುಪಡಿ: 38 ಡಿಗ್ರಿ ಹೋಲಿಕೆಗೆ ಸರಿ, ಆದರೆ ಚಳಿಯಲ್ಲಿ ಜನ ಅದಕ್ಕಿಂತ ಬಿಸಿನೀರನ್ನೇ ಬಳಸುತ್ತಾರೆ. ಬಿಸಿ ಹೆಚ್ಚಿದಷ್ಟೂ ಹಬೆಯಲ್ಲಿ ಘಮ ಏರುತ್ತದೆ, ಚರ್ಮದ ಜಿಡ್ಡೂ ಹೆಚ್ಚು ತೊಳೆದುಹೋಗುತ್ತದೆ. ಕೊನೆಯ ಒಂದು ಸ್ನಾನವನ್ನು 41 ಡಿಗ್ರಿಯಲ್ಲಿ ಮಾಡಿ, ಮೈ ಬಿಗಿತವನ್ನು ಬೇರೆಯಾಗಿ ಬರೆದರೆ ಒಳ್ಳೆಯದು.

ನೊರೆನೋಟ

ಒಪ್ಪಿದೆ, ಅದನ್ನು ಸೇರಿಸಿಕೊಳ್ಳಿ. ಚಳಿಗೆ ಸಂಬಂಧಿಸಿ ಇನ್ನೊಂದು: ಜೆಲ್ ತಣ್ಣಗಿನ ಕೋಣೆಯಲ್ಲಿ ಮಬ್ಬಾಗಿ, ದಪ್ಪಗಾಗಿ ಪಂಪಿನಲ್ಲಿ ಬಾರದಿದ್ದರೆ ಕೆಟ್ಟಿದೆ ಎನ್ನಬೇಡಿ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ತಿಳಿಯಾದರೆ ಸರಿ. ತಿಳಿಯಾಗದೆ ಮೇಲೆ ಎಣ್ಣೆಯ ಪದರ ಬೇರೆಯಾಗಿ ನಿಂತರೆ ಬುಡಕ್ಕೆ ತಡೆಯಲಾರದಷ್ಟು ಸುಗಂಧ ತೈಲ ಸುರಿದಿದ್ದಾರೆ ಎಂಬ ಅನುಮಾನಕ್ಕೆ ಜಾಗವಿದೆ.

ಬರೆಯುವ ರೀತಿಗೆ ಒಂದು ಮಾದರಿ ಕೊಡುತ್ತೇನೆ, ಅಂಕಿಗಳನ್ನು ನಿಮ್ಮ ಅಳತೆಯಿಂದ ತುಂಬಿ: "ಬಾಟಲಿಯಲ್ಲಿ ಚಕ್ಕೆ ಮುಂದೆ, ವೆನಿಲಾ ಹಿಂದೆ. ನೊರೆಯಲ್ಲಿ ಚಕ್ಕೆ ಇಳಿದು ಸುಟ್ಟ ಸಕ್ಕರೆಯ ಛಾಯೆ. ಕೋಣೆಯಲ್ಲಿ ಐದು ನಿಮಿಷದ ಮೇಲೂ ಸ್ಪಷ್ಟ. ಚರ್ಮದಲ್ಲಿ 10 ನಿಮಿಷಕ್ಕೆ ತೆಳು, 1 ಗಂಟೆಗೆ ಇಲ್ಲ. ಬುಡ ಕಂಪನಿಯ ಸಾಮಾನ್ಯ ಜೆಲ್ಲಿನದೇ. ಸಿನ್ನಮಲ್, ಯೂಜಿನಾಲ್ ಇದೆ. ಹೊರಗೆ 16 ಡಿಗ್ರಿ, ಒಣ ಹವೆ, ಗಡಸು ನೀರು, ಐದು ಸ್ನಾನ." ಘಮಕ್ಕೂ ತೊಳೆಯುವ ಗುಣಕ್ಕೂ ಬೇರೆ ಬೇರೆ ಅಂಕ ಕೊಡಿ, ಎರಡನ್ನೂ ಕೂಡಿಸಿ ಒಂದು ನಕ್ಷತ್ರಕ್ಕೆ ಇಳಿಸಬೇಡಿ. ಚಕ್ಕೆ ಇಷ್ಟವಿಲ್ಲದವರಿಗೂ ನಿಮ್ಮ ತೊಳೆಯುವ ಅಂಕ ಬೇಕಾಗುತ್ತದೆ, ಅದೇ ಬುಡದ ಬೇಸಿಗೆಯ ಜೆಲ್ ಬಂದಾಗ.

ಋತುಗಂಧ

ಬರೆದುಕೊಂಡೆ. ಜೆಲ್ ಮತ್ತು ಸಾಮಾನ್ಯ ಜೆಲ್ ಎರಡರ ಪಟ್ಟಿ ಹೋಲಿಸಿದೆ: ಸಂರಕ್ಷಕದವರೆಗೆ ಒಂದೇ ಕ್ರಮ, ಆಮೇಲೆ ಸಿನ್ನಮಲ್, ಯೂಜಿನಾಲ್, ಸಿಐ 16035 ಮಾತ್ರ ಹೊಸದು. ಸೋಪನ್ನು ಕತ್ತರಿಸಿದೆ, ಚುಕ್ಕೆ ಇಲ್ಲ, ಕಮಟು ಇಲ್ಲ, ಹೊರಗಿನ ಮೂರು ಮಿಲಿಮೀಟರಿನಷ್ಟು ಮಾತ್ರ ಕಂದು. ಎರಡನೇ ಬಾತ್ ಬಾಂಬಿನ ಹೊದಿಕೆಯ ಮೇಲೆ ಇವತ್ತಿನ ತಾರೀಖು ಬರೆದು ಎತ್ತಿಟ್ಟಿದ್ದೇನೆ, ನಾಲ್ಕು ವಾರಕ್ಕೆ ಅದರ ಗುಳ್ಳೆಯ ಸಮಯವನ್ನು ಇಲ್ಲೇ ಹಾಕುತ್ತೇನೆ.